ಶಾಫ್ಟ್‌ಗಳ ಲೆಕ್ಕ ನಿಮ್ಮ ಹತ್ತಿರ ಇದೆ
ಕೆಜಿಎಫ್‌ನ ನಿವೃತ್ತ ಗಣಿ ಕಾರ್ಮಿಕರಿಗೆ ಒಂದು ಬಹಿರಂಗ ಪತ್ರ

ಕೋಲಾರ ಚಿನ್ನದ ಗಣಿಯಲ್ಲಿ ದುಡಿದ ಹಿರಿಯರೇ,

ಮೊದಲೇ ಒಂದು ಮಾತು. ಈ ಪತ್ರ ಕನ್ನಡದಲ್ಲಿದೆ. ನಿಮ್ಮಲ್ಲಿ ಬಹುಪಾಲು ಮಂದಿಯ ಮನೆಮಾತು ತಮಿಳು, ಕೆಲವರದು ತೆಲುಗು ಎಂದು ಬಲ್ಲೆ. ಕೇಳಿದರೆ ತಿಳಿಯುತ್ತದೆ, ಓದುವುದು ಕಷ್ಟ ಅನ್ನುವವರು ಇದನ್ನು ಮೊಮ್ಮಕ್ಕಳ ಕೈಗೆ ಕೊಡಿ. ಶಾಲೆಯಲ್ಲಿ ಕಲಿತ ಕನ್ನಡ ಅಷ್ಟಕ್ಕಾದರೂ ಬರಲಿ. ಅವರು ಓದುವಾಗ ನಡುವೆ ತಡೆದು, "ಅದು ಹಾಗಲ್ಲ ಕಣೋ" ಎಂದು ನೀವು ತಿದ್ದಿದರೆ ಇನ್ನೂ ಒಳ್ಳೆಯದು.

ನಾನು ಗಣಿಗೆ ಇಳಿದವನಲ್ಲ. ಬಂಗಾರಪೇಟೆ ಕಡೆಯವನು. ಮೋರಿ, ಸೇತುವೆ, ನೀರಿನ ಟ್ಯಾಂಕು ಕಟ್ಟಿಸುತ್ತ ಸರ್ವೀಸು ಮುಗಿಸಿದ ಸಿವಿಲ್ ಎಂಜಿನಿಯರು. ಕಾಂಕ್ರೀಟಿನ ವಿಷಯ ನಾನು ಹೇಳಬಲ್ಲೆ. ನೆಲದಡಿಯ ವಿಷಯ ಹೇಳಬೇಕಾದವರು ನೀವು. ಅದಕ್ಕೇ ಈ ಪತ್ರ ಮಂತ್ರಿಗಳಿಗೂ ಇಲ್ಲ, ಕಂಪನಿಗೂ ಇಲ್ಲ. ಅವರಿಗೆ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ.

ಗಣಿ ನಿಂತದ್ದು 2001ರ ಫೆಬ್ರವರಿ 28ರಂದು. ಆಗ ನಲವತ್ತರ ಪ್ರಾಯದವರಾಗಿದ್ದವರು ಈಗ ಅರವತ್ತೈದರ ಆಚೆ ಇದ್ದೀರಿ. ಐವತ್ತೈದು ದಾಟಿದ್ದವರು ಎಂಬತ್ತರ ಆಚೆ. ಎಷ್ಟೋ ಮಂದಿ ಎದೆಯಲ್ಲಿ ಕಲ್ಲಿನ ದೂಳು ತುಂಬಿಕೊಂಡು ಆಗಲೇ ಹೋಗಿಬಿಟ್ಟರು. ಯಾವ ಶಾಫ್ಟ್ ಎಲ್ಲಿತ್ತು, ಯಾವುದರ ಬಾಯಿಗೆ ಕಾಂಕ್ರೀಟ್ ಬಿತ್ತು, ಯಾವುದರ ಮೇಲೆ ಹಳೆಯ ರೈಲು ಕಂಬಿ, ಮರದ ದಿಮ್ಮಿ ಹಾಸಿ ಮಣ್ಣೆಳೆದು ಕೈ ತೊಳೆದುಕೊಂಡರು ಎಂಬುದನ್ನು ಕಣ್ಣಾರೆ ಕಂಡ ಕೊನೆಯ ತಲೆಮಾರು ನೀವು. ಗೊತ್ತಿರುವುದನ್ನು ಕಾಗದಕ್ಕೆ ಇಳಿಸಿಕೊಡಿ ಎಂದು ಕೇಳುವುದಕ್ಕೆ ಬರೆಯುತ್ತಿದ್ದೇನೆ. ಶಾಫ್ಟ್ ಮುಚ್ಚುವ ಕೆಲಸ ಸಿಮೆಂಟು ಮೂಟೆ ಇಳಿಸುವುದರಿಂದ ಶುರುವಾಗುವುದಿಲ್ಲ. ಅದು ಎಲ್ಲಿದೆ ಎಂದು ಬಲ್ಲವರೊಬ್ಬರು ಬೆರಳು ತೋರಿಸುವುದರಿಂದ ಶುರುವಾಗುತ್ತದೆ.

ಗಿಫರ್ಡ್ಸ್, ಎಡ್ಗರ್ಸ್, ಹೆನ್ರೀಸ್, ಗೋಲ್ಕೊಂಡ — ಈ ದೊಡ್ಡ ಶಾಫ್ಟ್‌ಗಳ ಬಗ್ಗೆ ನನಗೆ ಅಷ್ಟು ದಿಗಿಲಿಲ್ಲ. ಹೆಸರುಗಳಿವೆ, ಕಂಪನಿಯ ನಕ್ಷೆಯಲ್ಲಿ ಜಾಗವಿದೆ, ಹೆಡ್‌ಗೇರ್ ಗೋಪುರ ಉಳಿದಿರುವ ಕಡೆ ಮೈಲಿ ದೂರದಿಂದ ಕಾಣುತ್ತದೆ. ಗೊತ್ತಿರುವ ಅಪಾಯಕ್ಕೆ ಜನ ಹೇಗೋ ಒಗ್ಗಿಕೊಳ್ಳುತ್ತಾರೆ. ದಿಗಿಲಾಗುವುದು ಹೆಸರಿಲ್ಲದವಕ್ಕೆ. ಗಾಳಿಗೆಂದು ಕೊರೆದ ಸಣ್ಣ ಶಾಫ್ಟ್, ಅದಿರು ಇದೆಯೇ ಎಂದು ನೋಡಲು ಇಳಿಸಿ ಸಿಗದೆ ಬಿಟ್ಟ ಗುಂಡಿ, ಕೆಳಗಿನ ಲೆವೆಲ್‌ನಿಂದ ಮೇಲಕ್ಕೆ ಹೊಡೆಯುತ್ತ ಬಂದು ನೆಲಕ್ಕೆ ಬಾಯಿ ಬಿಟ್ಟ ಕಿಂಡಿ. ಇವಕ್ಕೂ ಹಿಂದಿನವು ಬೇರೆ ಇವೆ. 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಈ ಸೀಮೆಗೆ ಬಂದಾಗ ಉರಿಗಾಂ, ಮಾರಿಕುಪ್ಪಂ ಸುತ್ತಿನ ಹಳ್ಳಿಯವರು ಆಗಲೇ ನೆಲ ತೋಡಿ, ಮಣ್ಣು ತೊಳೆದು ಚಿನ್ನ ತೆಗೆಯುತ್ತಿದ್ದರು. 1880ರಲ್ಲಿ ಜಾನ್ ಟೇಲರ್ ಕಂಪನಿ ಕೈಹಾಕಿದ ಮೇಲೂ ಅದಿರಿನ ಜಾಡು ಹಿಡಿದದ್ದು ಆ ಹಳಬರ ಗುಂಡಿಗಳನ್ನು ನೋಡಿಯೇ. ಆ ಹಳಬರು ಯಾರೂ ನಕ್ಷೆ ಬರೆದಿಟ್ಟು ಹೋಗಲಿಲ್ಲ. ಅವರ ಗುಂಡಿಗೆ ನಿಮ್ಮ ಲೆವೆಲ್ ತಾಗಿದ್ದರೆ, ಮೇಲಿಂದ ಎಂದೋ ಮಣ್ಣು ಕುಸಿದದ್ದನ್ನು ನೀವು ಕಂಡಿದ್ದರೆ, ಅದು ಬೇರೆ ಯಾವ ಕಡತದಲ್ಲೂ ಇರಲಾರದು.

ಇಷ್ಟು ವರ್ಷ ಇಲ್ಲದ್ದು ಈಗೇಕೆ ಎಂದು ಕೇಳಬಹುದು. ಎರಡು ಕಾರಣ.

2020ರ ಮೇ ತಿಂಗಳಲ್ಲಿ ಮಾರಿಕುಪ್ಪಂನಲ್ಲಿ ಹಳೆಯ ಗಣಿಯೊಳಕ್ಕೆ ಕಳವಿಗೆಂದು ಇಳಿದ ಮೂವರು ಸತ್ತದ್ದು ನಿಮಗೆ ನೆನಪಿರುತ್ತದೆ. ಲಾಕ್‌ಡೌನ್ ಕಾಲ, ಬೆಂಗಳೂರಿನ ರೈಲು ನಿಂತಿತ್ತು, ರೈಲಿನ ಜೊತೆ ಕೂಲಿಯೂ. ಅವರು ಮಾಡಲು ಹೋದದ್ದು ಸರಿಯೆಂದು ನಾನು ಹೇಳುವುದಿಲ್ಲ. ಆದರೆ ಕಳ್ಳತನಕ್ಕೆ ನಮ್ಮ ಕಾನೂನಿನಲ್ಲಿ ಮರಣದಂಡನೆ ಇಲ್ಲ. ಅವರಿಗೆ ಗೊತ್ತಿಲ್ಲದೆ ಹೋದದ್ದು ನಿಮಗೆ ಚೆನ್ನಾಗಿ ಗೊತ್ತು: ಗಾಳಿ. ಹೊರಗಿನ ಗಾಳಿಯಲ್ಲಿ ಆಮ್ಲಜನಕ ಶೇಕಡಾ 21ರಷ್ಟು. ಫ್ಯಾನ್ ನಿಂತ ಗಣಿಯಲ್ಲಿ ಕೊಳೆಯುವ ಮರ, ತುಕ್ಕು ಹಿಡಿಯುವ ಕಬ್ಬಿಣ, ಗಂಧಕವಿರುವ ಕಲ್ಲು ಎಲ್ಲವೂ ಅದನ್ನು ಹೀರಿಕೊಳ್ಳುತ್ತ ಹೋಗುತ್ತವೆ. ಶೇಕಡಾ 16ಕ್ಕೆ ಇಳಿದರೆ ಬುದ್ಧಿ ಮಂಕಾಗುತ್ತದೆ, 10ಕ್ಕೆ ಇಳಿದರೆ ಮನುಷ್ಯ ನಿಂತಲ್ಲೇ ಕುಸಿಯುತ್ತಾನೆ. ವಾಸನೆ ಇಲ್ಲ, ಕೆಮ್ಮು ಇಲ್ಲ, ಉಸಿರು ಕಟ್ಟಿದಂತೆಯೂ ಆಗುವುದಿಲ್ಲ. ಬಿದ್ದವನನ್ನು ಎತ್ತಲು ಹೋದವನೂ ಅಲ್ಲೇ ಬೀಳುತ್ತಾನೆ. ಮಳೆಗೆ ಮುಂಚೆ ಹೊರಗಿನ ವಾಯುಭಾರ ಇಳಿದಾಗ ಗಣಿಯೊಳಗಿನ ಆ ಕೆಟ್ಟ ಗಾಳಿ ಬಾಯಿಯವರೆಗೂ ಏರಿ ಬರುತ್ತದೆ. ನಿನ್ನೆ ಇಳಿದು ಬಂದವನು ಇವತ್ತು ಸಾಯುವುದು ಹೀಗೆ. ಇಂಡಿ ತಾಲೂಕಿನ ಲಚ್ಯಾಣದಲ್ಲಿ 2024ರ ಏಪ್ರಿಲ್‌ನಲ್ಲಿ ಕೊಳವೆಬಾವಿಗೆ ಬಿದ್ದ ಮಗುವನ್ನು ಪಕ್ಕದಲ್ಲಿ ಗುಂಡಿ ತೋಡಿ ಜೀವಂತ ಮೇಲೆತ್ತಿದರು, ರಾಜ್ಯವೇ ನಿಟ್ಟುಸಿರು ಬಿಟ್ಟಿತು. ಶಾಫ್ಟಿಗೆ ಬಿದ್ದವರನ್ನು ಯಾವ ಜೆಸಿಬಿಯೂ ಪಕ್ಕದಿಂದ ತೋಡಿ ತರಲಾರದು.

ಇನ್ನೊಂದು ಕಾರಣ, ಚಿನ್ನ ತೆಗೆದ ಮೇಲೆ ಉಳಿದ ಪುಡಿ ರಾಶಿ ಬಿದ್ದ ಸೈನೈಡ್ ಗುಡ್ಡ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಸಾವಿರ ಎಕರೆಗೂ ಮಿಕ್ಕ ಜಾಗದ 13 ಗುಡ್ಡಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾಪಕ್ಕೆ ಒಪ್ಪಿಗೆ ಕೊಟ್ಟಿತು. ಆ ಗುಡ್ಡಗಳು ಒಟ್ಟು ಮೂರು ಕೋಟಿ ಟನ್ನಿಗೂ ಹೆಚ್ಚು. ಕೆಲಸ ಬಂದರೆ ಒಳ್ಳೆಯದೇ. ಗಾಳಿ ಬೀಸಿದಾಗ ಅನ್ನದ ತಟ್ಟೆಗೆ ಬೀಳುವ ಆ ಪುಡಿ ಕಡಿಮೆಯಾದರೆ ಇನ್ನೂ ಒಳ್ಳೆಯದು. ಆದರೆ ಗುಡ್ಡ ಕರಗಿಸುವುದೆಂದರೆ ಇಷ್ಟು ವರ್ಷ ಹಸು, ಮೇಕೆ ಮಾತ್ರ ಓಡಾಡಿದ ನೆಲದ ಮೇಲೆ ಲೋಡು ತುಂಬಿದ ಟಿಪ್ಪರ್‌ಗಳು ಹಗಲೂ ರಾತ್ರಿ ಓಡುವುದು. ಮಣ್ಣೆಳೆದ ದಿಮ್ಮಿಯ ಮೇಲೆ ಮೇಕೆ ಹಾದರೆ ಏನೂ ಆಗದಿರಬಹುದು. ಟಿಪ್ಪರ್ ಹಾದರೆ?

ಈಗ ನನಗೆ ಗೊತ್ತಿರುವ ವಿಷಯಕ್ಕೆ ಬರುತ್ತೇನೆ. "ಅದರಲ್ಲೇನಿದೆ, ಕಸ ಮಣ್ಣು ಸುರಿದು ಮುಚ್ಚಿಬಿಟ್ಟರಾಯಿತು" ಅನ್ನುವವರು ಎಲ್ಲ ಊರಲ್ಲೂ ಇರುತ್ತಾರೆ. ಹದಿನೆಂಟು ಅಡಿ ಅಗಲದ ದುಂಡು ಶಾಫ್ಟ್ ಎಂದು ಇಟ್ಟುಕೊಳ್ಳಿ. ಒಂದು ಕಿಲೋಮೀಟರ್ ಆಳಕ್ಕೆ ಸುಮಾರು 23,600 ಘನ ಮೀಟರ್ ಬೇಕು, ಹತ್ತು ಘನ ಮೀಟರಿನ ಟಿಪ್ಪರ್ ಲೆಕ್ಕದಲ್ಲಿ ಸುಮಾರು 2,400 ಲೋಡು. ಶಾಫ್ಟ್ ಬರೀ ಕೊಳವೆಯಾಗಿದ್ದರೆ ಈ ಲೆಕ್ಕ. ಅದಕ್ಕೆ ಪ್ರತಿ ಲೆವೆಲ್‌ನಲ್ಲೂ ಪಕ್ಕಕ್ಕೆ ಬಾಗಿಲಿದೆ. ಸುರಿದ ಮಣ್ಣು ಆ ಬಾಗಿಲುಗಳಿಂದ ಸುರಂಗದೊಳಕ್ಕೆ ಜಾರುತ್ತದೆ. ಮಣ್ಣು ಸಣ್ಣದಾದಷ್ಟೂ, ನೀರು ಹೆಚ್ಚಾದಷ್ಟೂ ಜಾಸ್ತಿ ಜಾರುತ್ತದೆ. ಮೂರು ಕಿಲೋಮೀಟರಿಗೂ ಮಿಕ್ಕ ಆಳಕ್ಕೆ ಇಳಿದ ಚಾಂಪಿಯನ್ ರೀಫ್‌ಗೆ ಟಿಪ್ಪರ್ ಲೆಕ್ಕ ಹಾಕುವ ಗೋಜಿಗೆ ನಾನು ಹೋಗಿಲ್ಲ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಸುರಿದ ಮಣ್ಣು ಕೆಲವೊಮ್ಮೆ ತಳಕ್ಕೆ ಹೋಗುವುದೇ ಇಲ್ಲ. ನಡುವೆ ಸಿಕ್ಕಿಕೊಂಡ ಮರ, ಪೈಪು, ಕಂಬಿಗಳ ಮೇಲೆ ಬಿರಡೆಯ ಹಾಗೆ ಕೂತುಬಿಡುತ್ತದೆ. ಮೇಲಿಂದ ನೋಡಿದರೆ ಗುಂಡಿ ತುಂಬಿದೆ, ಬಿಲ್ಲು ಪಾಸಾಗಿದೆ, ಹುಲ್ಲೂ ಬೆಳೆದಿದೆ. ಹತ್ತು ವರ್ಷವೋ ಮೂವತ್ತು ವರ್ಷವೋ ಕಳೆದು ಒಂದು ಜೋರು ಮಳೆಗೆ ಬಿರಡೆ ಕಳಚುತ್ತದೆ. ತೆರೆದ ಶಾಫ್ಟ್ ಕಣ್ಣಿಗೆ ಬೀಳುತ್ತದೆ, ಜನ ದೂರ ಇರುತ್ತಾರೆ. ಅರೆಬರೆ ಮುಚ್ಚಿದ್ದರ ಮೇಲೆ ಮನೆ ಕಟ್ಟುತ್ತಾರೆ. ಕೆಟ್ಟದಾಗಿ ಮುಚ್ಚುವುದಕ್ಕಿಂತ ತೆರೆದಿಟ್ಟು ಬೇಲಿ ಹಾಕುವುದೇ ಮೇಲು ಎಂದು ನಾನು ಹೇಳುವುದು ಇದಕ್ಕೆ. ಆದರೆ ಕೆಜಿಎಫ್‌ನಲ್ಲಿ ಕಬ್ಬಿಣದ ಬೇಲಿ ಎಷ್ಟು ದಿನ ಇರುತ್ತದೆ ಎಂದು ನಿಮಗೆ ನಾನು ಹೇಳಬೇಕೇ?

ಸರಿಯಾಗಿ ಮಾಡುವುದಾದರೆ ಕೆಲಸ ಹೀಗೆ ಸಾಗುತ್ತದೆ. ಮೊದಲು ಬಾಯಿಯ ಸುತ್ತಲಿನ ಸಡಿಲ ಮಣ್ಣು ತೆಗೆದು ಗಟ್ಟಿ ಬಂಡೆ ಎಲ್ಲಿ ಸಿಗುತ್ತದೆ ಎಂದು ನೋಡಬೇಕು. ಹಗ್ಗಕ್ಕೆ ಕ್ಯಾಮೆರಾ ಕಟ್ಟಿ ಇಳಿಸಿ ಗೋಡೆ ಹೇಗಿದೆ, ಮೊದಲ ಲೆವೆಲ್ ಎಷ್ಟು ಕೆಳಗಿದೆ, ನೀರು ಎಲ್ಲಿದೆ, ಗಾಳಿ ಹೇಗಿದೆ ಎಂದು ತಿಳಿಯಬೇಕು. ಶಾಫ್ಟ್ ಆಳವಿಲ್ಲದಿದ್ದರೆ ಪೂರ್ತಿ ತುಂಬಬಹುದು. ತಳಕ್ಕೆ ಮತ್ತು ಲೆವೆಲ್ ಬಾಗಿಲ ಎದುರಿಗೆ ಜಾರದ ದೊಡ್ಡ ಗಟ್ಟಿ ಕಲ್ಲು, ಅದರ ಮೇಲೆ ಸಣ್ಣದು. ಜೇಡಿಮಣ್ಣು ಬೇಡ, ಕಟ್ಟಡ ಒಡೆದ ಮರಮುಟ್ಟು ಬೇಡ, ಊರ ಕಸವಂತೂ ಬೇಡವೇ ಬೇಡ. ಕಸ ತಾಗಿದ ಗಣಿಯ ನೀರನ್ನೇ ಯಾರದೋ ಕೊಳವೆಬಾವಿ ಮೇಲೆತ್ತುತ್ತದೆ. ಶಾಫ್ಟ್ ಆಳವಾಗಿದ್ದರೆ ಮೇಲ್ಭಾಗದಲ್ಲಿ ಬಂಡೆಗೆ ಕಚ್ಚಿಕೊಳ್ಳುವಂತೆ ಕಾಂಕ್ರೀಟಿನ ಪ್ಲಗ್ ಕೂರಿಸಬೇಕು, ಅದರ ಮೇಲೆ ಕಬ್ಬಿಣ ಕಟ್ಟಿದ ಕಾಂಕ್ರೀಟ್ ಚಪ್ಪಡಿ. ಬ್ರಿಟನ್ನಿನ ಕಲ್ಲಿದ್ದಲು ಸೀಮೆಯಲ್ಲಿ ನಡೆದು ಬಂದ ನಿಯಮವೆಂದರೆ ಚಪ್ಪಡಿಯ ಅಗಲ ಶಾಫ್ಟಿನ ಅಗಲದ ಎರಡು ಪಟ್ಟಾದರೂ ಇರಬೇಕು, ಅದು ಮಣ್ಣಿನ ಮೇಲಲ್ಲ, ಬಂಡೆಯ ಮೇಲೆ ಕೂರಬೇಕು. ಹದಿನೆಂಟು ಅಡಿಯ ಶಾಫ್ಟಿಗೆ ಮೂವತ್ತಾರು ಅಡಿಯ ಚೌಕ. ನಾನು ಕಟ್ಟಿಸಿದ ಎಷ್ಟೋ ಸೇತುವೆಗಳ ಚಪ್ಪಡಿ ಅಷ್ಟು ದೊಡ್ಡದಿರಲಿಲ್ಲ. ಲಾರಿ ಹೋಗದ ಜಾಗದ ಸಣ್ಣ ಗುಂಡಿಗೆ ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಪಾಲಿಯುರೆಥೇನ್ ಫೋಮ್ ಬಳಸುತ್ತಾರೆ. ಎರಡು ದ್ರವ ಬೆರೆಸಿ ಸುರಿದರೆ ಉಬ್ಬಿ ಗಟ್ಟಿಯಾಗಿ ಗುಂಡಿಗೆ ಕಚ್ಚಿಕೊಳ್ಳುತ್ತದೆ. ಬಿಸಿಲು, ಬೆಂಕಿ ತಾಗದಂತೆ ಮೇಲೆ ಮಣ್ಣು ಹೊದಿಸಬೇಕು. ನಮ್ಮಲ್ಲಿ ಕಲ್ಲಿಗೇನೂ ಬರವಿಲ್ಲ, ಹಾಗಾಗಿ ಅದು ತೀರಾ ಬೇಕಾದ ಕಡೆಗೆ ಮಾತ್ರ ಇರಲಿ.

ಚಪ್ಪಡಿಯಲ್ಲಿ ಒಂದು ಪೈಪ್ ಬಿಡಬೇಕು. ಒಳಗಿನ ಗಾಳಿ ಒತ್ತಡ ಕಟ್ಟದೆ ಹೋಗಲಿಕ್ಕೆ, ನೀರಿನ ಮಟ್ಟ ಅಳೆಯಲಿಕ್ಕೆ. ಸುತ್ತ ಚರಂಡಿ ತೋಡಿ ಮಳೆನೀರನ್ನು ಆಚೆ ತಿರುಗಿಸಬೇಕು. ಅಷ್ಟಾದರೂ ಕೆಲಸ ಮುಗಿಯಲಿಲ್ಲ. ಪಂಪ್ ನಿಂತು ಗಣಿಗೆ ನೀರು ತುಂಬುತ್ತ ಬಂದ ಮೇಲೆ ಊರಲ್ಲಿ ಆಗಾಗ ನೆಲ ನಡುಗುವುದು, ಪಾತ್ರೆ ಅಲುಗುವುದು ನಿಮಗೆ ಹೊಸತಲ್ಲ. ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆಯವರು ಅದನ್ನು ಅಳೆದು ಬರೆದಿದ್ದಾರೆ. ಆ ಸಂಸ್ಥೆ ಹುಟ್ಟಿದ್ದೇ ಕೆಜಿಎಫ್‌ನಲ್ಲಿ, ಆಳದಲ್ಲಿ ಬಂಡೆ ಸಿಡಿದು ನಿಮ್ಮವರನ್ನು ಕೊಂದ ರಾಕ್‌ಬರ್ಸ್ಟ್‌ಗಳ ಅಧ್ಯಯನವೇ ಅದರ ಬುನಾದಿ. ನಡುಗುವ ನೆಲದಲ್ಲಿ ಕೂರಿಸಿದ ಚಪ್ಪಡಿಯನ್ನು ವರ್ಷಕ್ಕೊಮ್ಮೆ, ದೊಡ್ಡ ನಡುಕದ ಮರುದಿನವೂ, ಯಾರಾದರೂ ಹೋಗಿ ನೋಡಲೇಬೇಕು. ಟೆಂಡರ್‌ನಲ್ಲಿ ಈ ಕೆಲಸಕ್ಕೆ ಹಣ ಇಡುವುದನ್ನು ನಮ್ಮ ಇಲಾಖೆಗಳು ಮರೆಯುತ್ತವೆ. ಕಟ್ಟುವುದಕ್ಕೆ ಉದ್ಘಾಟನೆ ಇರುತ್ತದೆ, ನೋಡಿಕೊಳ್ಳುವುದಕ್ಕೆ ಇರುವುದಿಲ್ಲ.

ಎಲ್ಲವನ್ನೂ ಹೀಗೇ ಬಿಗಿಯಬೇಕೆಂದೂ ಇಲ್ಲ. ನಮ್ಮದೇ ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಗುಹೆಯಲ್ಲಿ ಒಂದು ಜಾತಿಯ ಬಾವಲಿ ಇದೆ, ಲೋಕದಲ್ಲಿ ಬೇರೆಲ್ಲೂ ಅದರ ನೆಲೆ ಉಳಿದಿರುವುದು ತಿಳಿದಿಲ್ಲ. ಕಲ್ಲುಗಣಿಗಾರಿಕೆಯಿಂದ ಅಳಿವಿನ ಅಂಚಿಗೆ ಬಂದಿದೆ. ಬಾವಲಿಗೆ ಹಳೆಯ ಗಣಿಯೂ ಗುಹೆಯೇ. ಮುಚ್ಚುವ ಮುನ್ನ ಸಂಜೆ ಹೊತ್ತು ಬಾಯಿಯ ಹತ್ತಿರ ಬಾವಲಿ ಹೊರಡುತ್ತವೆಯೇ ಎಂದು ನೋಡುವುದು ದೊಡ್ಡ ಖರ್ಚಿನ ಮಾತಲ್ಲ. ಇದ್ದರೆ, ಅಡ್ಡಡ್ಡ ಉಕ್ಕಿನ ಪಟ್ಟಿಗಳ ಗೇಟು ಹಾಕುತ್ತಾರೆ. ನಡುವಿನ ಸಂದು ಆರು ಇಂಚಿಗಿಂತ ತುಸು ಕಡಿಮೆ. ಬಾವಲಿ ಹಾರಿ ಹೋಗುತ್ತದೆ, ಮನುಷ್ಯ ನುಗ್ಗಲಾರ.

ಹಳೆಯ ಗಣಿಯ ಲೆಕ್ಕ ಸರಿಯಾಗಿ ಇಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ದೇಶದವರೂ ನಾವೂ ಬೆಲೆ ತೆತ್ತಿದ್ದೇವೆ. 1973ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಲಾಫ್ಟ್‌ಹೌಸ್ ಕಲ್ಲಿದ್ದಲು ಗಣಿಯಲ್ಲಿ, ಎಂದೋ ಬಿಟ್ಟುಹೋದ ನೀರು ತುಂಬಿದ ಹಳೆಯ ಕೆಲಸದ ಜಾಗಕ್ಕೆ ತಾಗಿ ಏಳು ಮಂದಿ ಸತ್ತರು. ಒಬ್ಬರ ದೇಹ ಮಾತ್ರ ಸಿಕ್ಕಿತು. 2002ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯದ ಕ್ವೆಕ್ರೀಕ್‌ನಲ್ಲಿ ಪಕ್ಕದ ಹಳೆಯ ಗಣಿಯ ತಪ್ಪು ನಕ್ಷೆ ನಂಬಿ ಕೊರೆದರು, ನೀರು ನುಗ್ಗಿತು. ಒಂಬತ್ತು ಮಂದಿಯನ್ನು ಹೇಗೋ ಮೇಲೆತ್ತಿದರು. ನಮ್ಮ ಧನ್‌ಬಾದ್ ಹತ್ತಿರದ ಚಸ್‌ನಾಲಾದಲ್ಲಿ 1975ರ ಡಿಸೆಂಬರ್ 27ರಂದು ಹಳೆಯ ಗಣಿಯ ನೀರು ಒಡೆದು ಬಂದಾಗ ಸತ್ತವರು 370ಕ್ಕೂ ಹೆಚ್ಚು. ಬ್ರಿಟನ್ನಿನಲ್ಲಿ ಈಗ ಒಂದೂವರೆ ಲಕ್ಷಕ್ಕೂ ಹೆಚ್ಚು ಹಳೆಯ ಗಣಿಬಾಯಿಗಳ ದಾಖಲೆ ಸರ್ಕಾರಿ ಸಂಸ್ಥೆಯೊಂದರ ಬಳಿ ಇದೆ. ಕಲ್ಲಿದ್ದಲು ಸೀಮೆಯಲ್ಲಿ ಮನೆ ಕೊಳ್ಳುವವರು ಮೊದಲು ಆ ದಾಖಲೆ ತೆಗೆಸಿ ನೋಡುತ್ತಾರೆ. ನಮ್ಮಲ್ಲೂ ಪಹಣಿ ಇದೆ, ಖಾತೆ ಇದೆ. ಒಂದು ಸರ್ವೆ ನಂಬರಿನಲ್ಲಿ ಮುಚ್ಚಿದ ಶಾಫ್ಟ್ ಇದೆ ಎಂದು ಅದರಲ್ಲಿ ಒಂದು ಸಾಲು ಬರೆಯುವುದಕ್ಕೆ ಏನಡ್ಡಿ? ಸಾಲಕ್ಕೆ ಅಡವಿಟ್ಟದ್ದು ಬರೆಯುತ್ತೇವೆ, ಅಡಿಯಲ್ಲಿ ಪಾತಾಳ ಇದ್ದದ್ದು ಬರೆಯುವುದಿಲ್ಲ.

ಹೊಣೆ ಯಾರದು ಎಂಬ ಜಗಳಕ್ಕೆ ನಾನು ಉದ್ದಕ್ಕೆ ಹೋಗುವುದಿಲ್ಲ. ಒಂದು ಮಾತು ಮಾತ್ರ. ಗಣಿ ಮುಚ್ಚುವ ಯೋಜನೆ ಮುಂಚೆಯೇ ಕೊಡಬೇಕು, ಅದಕ್ಕೆ ಹಣದ ಖಾತರಿ ಇಡಬೇಕು ಎಂಬ ನಿಯಮ ಈ ದೇಶದಲ್ಲಿ ಬಂದದ್ದು 2003ರಲ್ಲಿ. ನಿಮ್ಮ ಗಣಿ ಮುಚ್ಚಿದ್ದು ಅದಕ್ಕಿಂತ ಎರಡು ವರ್ಷ ಮುಂಚೆ. ನೂರಿಪ್ಪತ್ತು ವರ್ಷ ನಡೆದು, ಸುಮಾರು 800 ಟನ್ ಚಿನ್ನ ಕೊಟ್ಟ ಗಣಿ ಆ ನಿಯಮದಿಂದ ಎರಡೇ ವರ್ಷದ ಅಂತರದಲ್ಲಿ ತಪ್ಪಿಸಿಕೊಂಡಿತು. ಕಾನೂನಿನ ಮಾತು ಹಾಗಿರಲಿ, ಗುಡ್ಡದ ಚಿನ್ನಕ್ಕೆ ಟೆಂಡರ್ ಕರೆಯುವವರು ಅದೇ ಟೆಂಡರಿನೊಳಗೆ ಶಾಫ್ಟ್‌ಗಳ ಸರ್ವೆ ಮತ್ತು ಮುಚ್ಚುವ ಕೆಲಸವನ್ನೂ ಸೇರಿಸಲಿ, ಗುಡ್ಡಕ್ಕೆ ಮೊದಲ ಯಂತ್ರ ಇಳಿಯುವ ಮುನ್ನ ಅದು ಮುಗಿಯಲಿ ಎಂದು ಕೇಳುವ ಹಕ್ಕು ನಿಮಗಿದೆ.

ಕೆಲವರು ಬೇರೆ ಥರ ಯೋಚಿಸುತ್ತೀರಿ ಎಂದೂ ಗೊತ್ತು. ಮುಚ್ಚಿಬಿಟ್ಟರೆ ಗಣಿ ಮತ್ತೆ ತೆರೆಯುವ ಆಸೆಯೂ ಮುಚ್ಚಿತು, ನಮ್ಮ ಬಾಳಿನ ಗುರುತೇ ಹೂತುಹೋಯಿತು ಎಂಬ ಸಂಕಟ. ಮುಂದೆ ಯಾರಾದರೂ ಒಳಗಿಳಿಯುವುದಾದರೂ ಅವರಿಗೆ ಬೇಕಾಗುವುದು ಸರಿಯಾದ ನಕ್ಷೆ, ಅಳತೆ ಗೊತ್ತಿರುವ ಪ್ಲಗ್; ಅದನ್ನು ಕೊರೆದು ತೆಗೆಯುವುದು ಎಂಜಿನಿಯರಿಗೆ ದೊಡ್ಡ ಮಾತಲ್ಲ. ಗುರುತಿನ ಮಾತು ನನಗೂ ತಟ್ಟುತ್ತದೆ. 1965ರಲ್ಲಿ ಚಾಂಪಿಯನ್ ರೀಫ್‌ನ ಎರಡು ಕಿಲೋಮೀಟರಿಗೂ ಮಿಕ್ಕ ಆಳದಲ್ಲಿ ವಿಜ್ಞಾನಿಗಳು ವಾತಾವರಣದ ನ್ಯೂಟ್ರಿನೊ ಹಿಡಿದರು, ಲೋಕದಲ್ಲೇ ಮೊದಲ ಸಾಲಿನ ಸಾಧನೆ. ಅಲ್ಲಿಗೆ ಅವರ ಪೆಟ್ಟಿಗೆಗಳು ಇಳಿದದ್ದು ನಿಮ್ಮ ಕೇಜಿನಲ್ಲಿ. ಹೆಡ್‌ಗೇರ್ ಕೀಳದೆಯೇ ಶಾಫ್ಟ್ ಮುಚ್ಚಬಹುದು. ಚಪ್ಪಡಿಯ ಮೇಲೆ ನಂಬರ್, ಆಳ, ಮುಚ್ಚಿದ ವರ್ಷ ಹೇಗೂ ಕೆತ್ತಬೇಕು. ಅಲ್ಲಿ ಇಳಿದವರ ವಿಷಯ ಎರಡು ಸಾಲು ಸೇರಿಸಿದರೆ ಗುತ್ತಿಗೆದಾರನ ಗಂಟೇನೂ ಕರಗದು.

ಈಗ ಕೆಲಸದ ಮಾತು. ಚರ್ಚಿನಲ್ಲೋ, ಗುಡಿಯ ಹತ್ತಿರವೋ, ಟೀ ಅಂಗಡಿಯಲ್ಲೋ ನೀವು ಹೇಗೂ ಸೇರುತ್ತೀರಿ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ವೈಂಡಿಂಗ್ ಎಂಜಿನ್ ನಡೆಸಿದವರು, ಮರ ಕಟ್ಟಿದವರು, ಸರ್ವೆ ಚೈನ್ ಹಿಡಿದವರು, ಪಂಪ್ ನೋಡಿಕೊಂಡವರು ಒಬ್ಬೊಬ್ಬರ ನೆನಪೂ ಬೇರೆ ಬೇರೆ, ಎಲ್ಲರನ್ನೂ ಕೇಳಿ. ಯಾವ ಲೈನ್‌ನ ಹಿಂದೆ, ಯಾವ ಮರದಿಂದ ಎಷ್ಟು ಹೆಜ್ಜೆ, ಬಾಯಿ ಚೌಕವೋ ದುಂಡೋ, ಯಾವುದರಿಂದ ಮುಚ್ಚಿದರು, ಯಾವ ಲೆವೆಲ್‌ಗೆ ಸೇರುತ್ತದೆ. ಅನುಮಾನವಿದ್ದರೆ ಅನುಮಾನ ಎಂದೇ ಬರೆಸಿ. ಇಬ್ಬರು ಎರಡು ಥರ ಹೇಳಿದರೆ ಎರಡೂ ಇರಲಿ, ಜಗಳ ಬೇಡ; ಸರ್ವೆಯವರು ನೆಲ ಕೊರೆದು ನೋಡಲಿ. ಶಾಲೆ, ಮೈದಾನ, ಮನೆಗಳ ಹತ್ತಿರದವನ್ನು ಮೊದಲ ಪುಟಕ್ಕೆ ಹಾಕಿ. ಮೊಮ್ಮಕ್ಕಳ ಫೋನಿನಲ್ಲಿ ಜಾಗದ ಗುರುತು ಹಾಕುವುದು ಎರಡು ನಿಮಿಷದ ಕೆಲಸ, ಆದರೆ ಅವರು ದೂರದಲ್ಲೇ ನಿಲ್ಲಲಿ. ಬಾಯಿಯ ಅಂಚಿನ ಮಣ್ಣನ್ನು ಯಾರೂ ನಂಬಬೇಡಿ, ನೀವೂ ಕೂಡ.

ನಾಲ್ಕು ಪ್ರತಿ ಮಾಡಿಸಿ. ನಗರಸಭೆಗೆ ಒಂದು, ತಹಶೀಲ್ದಾರರಿಗೆ ಒಂದು, ಗಣಿ ಸುರಕ್ಷತಾ ಮಹಾನಿರ್ದೇಶನಾಲಯಕ್ಕೆ ಒಂದು, ಮೂರಕ್ಕೂ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ನಾಲ್ಕನೆಯದು ನಿಮ್ಮಲ್ಲೇ ಇರಲಿ. ನಡೆಯಲಾಗದೆ ಹಾಸಿಗೆ ಹಿಡಿದವರಿದ್ದರೆ ಅವರ ಹೆಸರನ್ನು ಮೊದಲು ಬರೆದುಕೊಳ್ಳಿ. ಅವರ ಮನೆಗೆ ನಕ್ಷೆ ತೆಗೆದುಕೊಂಡು ಹೋಗಿ ಹಾಸಿಗೆಯ ಮೇಲೇ ಹಾಸಿ ಕೇಳಿ. ಹಳೆಯ ಹಾಳೆಗಳ ಅಳತೆ ಬಿಡಿಸಲು, ಅರ್ಜಿ ಬರೆಯಲು ಒಬ್ಬ ಮುದಿ ಎಂಜಿನಿಯರು ಬೇಕಾದರೆ ಬಂಗಾರಪೇಟೆ ದೂರವೇನಲ್ಲ.

ಇತಿ,
ನಿಮ್ಮ ನೆರೆಯೂರಿನವನು